ತಾತನ ಟ್ರ್ಯಾಕ್ಟರ್: ಗುಜರಿಗೋ, ರಿಪೇರಿಗೋ?

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ಕೇಳಿದ್ರು, "ಗುಜರಿಯವನು ಭಾನುವಾರ ಬರ್ತಾನಂತೆ. ತಾತನ ಟ್ರ್ಯಾಕ್ಟರ್ ಕೊಟ್ಬಿಡೋಣ್ವಾ? ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲ, ನೀನೇ ಹೇಳು." ನಮ್ಮದು ಎಚ್‌ಎಂಟಿ. 1971ರಲ್ಲಿ ಜೆಕೊಸ್ಲೊವಾಕಿಯಾದ ಝೆಟರ್ ಸಹಯೋಗದಲ್ಲಿ ಪಿಂಜೋರ್‌ನಲ್ಲಿ ಶುರುವಾದ ಈ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆದ್ದರಿಂದ ಮೊದಲ ಪ್ರಶ್ನೆ: ಬಿಡಿಭಾಗ ಸಿಗುತ್ತಾ? ಇಂಜಿನ್ ಬಿಚ್ಚುವ ಮುಂಚೆಯೇ ಅಂಗಡಿಯಲ್ಲಿ ವಿಚಾರಿಸಿ.

ನೋಡಬೇಕಾದ್ದು ಮೂರು

1. ಇಂಜಿನ್ ತಿರುಗುತ್ತಾ? ಜಾಮ್ ಆಗಿದ್ದರೆ ಹಗ್ಗ ಕಟ್ಟಿ ಎಳೆಸಬೇಡಿ, ಕನೆಕ್ಟಿಂಗ್ ರಾಡ್ ಬಾಗಬಹುದು. ಇಂಜೆಕ್ಟರ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು, ಕೆಲವು ದಿನ ನೆನೆಯಲು ಬಿಡಿ. ಆಮೇಲೆ ಕೈಯಲ್ಲಿ ನಿಧಾನ ತಿರುಗಿಸಿ.

2. ಆಯಿಲ್ ಹಾಲು ಹಾಕಿದ ಟೀ ಥರ ಇದೆಯಾ? ಹಾಗಿದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಲೈನರ್ ಸೀಲ್ ಹೋಗಿದ್ದರೆ ಖರ್ಚು ಕಡಿಮೆ, ಬ್ಲಾಕ್ ಸೀಳಿದ್ದರೆ ಜಾಸ್ತಿ.

3. ಕ್ರ್ಯಾಂಕ್ ಹೇಗಿದೆ? ಲೈನರ್ ಸವೆದರೆ ಹೊಸದು ಹಾಕಬಹುದು. ಕ್ರ್ಯಾಂಕ್ ಸವೆದರೆ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಅದಕ್ಕೂ ಒಂದು ಮಿತಿ ಇದೆ. ಮೈಕ್ರೋಮೀಟರ್ ಇಟ್ಟು ಅಳೆದರೆ ಗೊತ್ತಾಗುತ್ತೆ.

ಈಗ ಲೆಕ್ಕ

ನಾವು ಹಾಕಿಕೊಂಡ ಅಂದಾಜು ಇದು. ಗುಜರಿ ಬೆಲೆ 40,000 ರೂ. ರಿಪೇರಿಯಾಗಿ ಓಡುವ ಸ್ಥಿತಿಯಲ್ಲಿದ್ದರೆ ಬೆಲೆ 1,20,000 ರೂ.

ರಿಪೇರಿಗೆ ಹಾಕಬಹುದಾದ ಗರಿಷ್ಠ ಹಣ = 1,20,000 − 40,000 = 80,000 ರೂ.

ರಿಂಗ್, ಲೈನರ್, ಪಂಪ್, ಕೂಲಿ ಸೇರಿ 65,000 ಆದರೆ ಉಳಿಸಬಹುದು. ಕ್ರ್ಯಾಂಕಿಗೆ ಇನ್ನೂ 25,000 ಬಿದ್ದರೆ 90,000, ಅಂದ್ರೆ ನಷ್ಟ. ಅಂದರೆ ಇಡೀ ತೀರ್ಮಾನ ಒಂದೇ ಒಂದು ಭಾಗದ ಮೇಲೆ ನಿಂತಿದೆ. ಅದನ್ನು ಅಳೆಯೋಕೆ ಮುಂಚೆ ಬೇರೆ ಯಾವುದಕ್ಕೂ ದುಡ್ಡು ಹಾಕಬಾರದು.

"ಹೋದ ವರ್ಷ ತಾನೇ ಪಂಪ್ ರಿಪೇರಿಗೆ ಅಷ್ಟು ಸುರಿದ್ವಲ್ಲ" ಅಂದ್ರು ಅಪ್ಪ. ಹೋದ ದುಡ್ಡು ಈ ಲೆಕ್ಕಕ್ಕೆ ಬರೋದಿಲ್ಲ. ಎರಡೂ ದಾರಿಯಲ್ಲಿ ಅದು ಹೋಗಿದ್ದೇ.

ನಮ್ಮ ಕ್ರ್ಯಾಂಕ್ ಆಗಲೇ ಕೊನೆಯ ಅಳತೆಗೆ ಗ್ರೈಂಡ್ ಆಗಿತ್ತು. ಆದರೂ ಇಡಿಯಾಗಿ ಗುಜರಿಗೆ ಕೊಡಲಿಲ್ಲ. ಗೇರ್‌ಬಾಕ್ಸ್, ಹೈಡ್ರಾಲಿಕ್, ಟೈರು ಚೆನ್ನಾಗಿದ್ದವು. ಪಕ್ಕದೂರಲ್ಲಿ ಇದೇ ಮಾಡೆಲ್ ಓಡಿಸುವವರೊಬ್ಬರು ಅವನ್ನು ಒಳ್ಳೇ ಬೆಲೆಗೆ ಒಯ್ದರು. ಉಳಿದ ಕಬ್ಬಿಣ ಮಾತ್ರ ತಕ್ಕಡಿಗೆ ಹೋಯಿತು. ಆರ್‌ಟಿಓದಲ್ಲಿ ನೋಂದಣಿ ರದ್ದು ಮಾಡಿಸೋದನ್ನು ಮರೆಯಬೇಡಿ.

ತಾತ ಆ ದಿನ ಮಾತಾಡಲಿಲ್ಲ. ಸ್ಟೀರಿಂಗ್ ಚಕ್ರ ಮಾತ್ರ ಬಿಚ್ಚಿಸಿ ಒಳಗಿಟ್ಟುಕೊಂಡರು. ಅದನ್ನು ನಾನು ಲೆಕ್ಕಕ್ಕೆ ಸೇರಿಸಲಿಲ್ಲ.