ಇಂದಿನ ಧಮ್ಮ ಚಿಂತನೆ: ‘ನಂದು’ ಎನ್ನುವ ಮಗು



ಎರಡು ವರ್ಷದ ಮಗು ಆಟಿಕೆಯನ್ನು ಅಪ್ಪಿಕೊಂಡು ‘ನಂದು’ ಎಂದರೆ ‘ಎಷ್ಟು ಸ್ವಾರ್ಥ!’ ಎನ್ನುವವರಿದ್ದಾರೆ. ಅದನ್ನು ತಣ್ಹಾ ಎಂದು ಕರೆಯಲು ನಾನು ಒಪ್ಪುವುದಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈಗೊಂಬೆಯೊಂದು ವಸ್ತುಗಳನ್ನು ಎತ್ತಿಕೊಂಡು ಹೋಗಲು ಬಂತು. ಎರಡು ವರ್ಷದ ಮಕ್ಕಳು ತಮ್ಮ ವಸ್ತುವಿಗಾಗಿ ಮಾತ್ರ ತಡೆದರು. ಮೂರು ವರ್ಷದವರು ಬೇರೆಯವರ ವಸ್ತುವಿಗಾಗಿಯೂ ತಡೆದರು. ‘ನಂದು’ ಎಂದು ಕಲಿತ ಮಗುವೇ ಮುಂದೆ ‘ಅದು ಅವರದು’ ಎನ್ನುತ್ತದೆ.

ನಮ್ಮ ಎರಡನೇ ಶೀಲವೂ ಇದನ್ನೇ ಹೇಳುತ್ತದೆ. ‘ಅದಿನ್ನ’ ಎಂದರೆ ಕೊಡದೇ ಇದ್ದದ್ದು. ಕೊಡುವ ಹಕ್ಕು ಆ ವಸ್ತು ಯಾರದೋ ಅವರದು. ಮಗುವಿನ ಕೈಯಿಂದ ಕಿತ್ತು ತಮ್ಮನಿಗೆ ಕೊಟ್ಟರೆ ಅದು ದಾನವಲ್ಲ. ಬಲವಿದ್ದವರು ಕಿತ್ತುಕೊಳ್ಳಬಹುದು ಎಂಬ ಪಾಠ ಅದು.

ಆ ಪಾಠ ನಮಗೆ ಹೊಸದಲ್ಲ. ಶಕ್ತಿಯಿದ್ದರೂ ಶೂದ್ರನು ಸಂಪತ್ತು ಕೂಡಿಡಬಾರದು ಎಂದ ಮನುಸ್ಮೃತಿಯನ್ನು 1927ರ ಡಿಸೆಂಬರ್ 25ರಂದು ಬಾಬಾಸಾಹೇಬರ ಮುಂದಾಳತ್ವದಲ್ಲಿ ಮಹಾಡ್‌ನಲ್ಲಿ ಸುಡಲಾಯಿತು. ದುಡಿದದ್ದೂ ತಮ್ಮದಲ್ಲ ಎಂದು ಕೇಳಿಸಿಕೊಂಡೇ ಬದುಕಿದವರ ಮೊಮ್ಮಕ್ಕಳು, ಮರಿಮಕ್ಕಳು ನಾವು. ನಮ್ಮ ಮನೆಯ ಮಗು ‘ನಂದು’ ಎಂದರೆ ಗದರಬೇಡಿ.

ಇಂದಿನ ಅಭ್ಯಾಸ: ಮಗುವಿನ ವಸ್ತು ಬೇಕಾದಾಗ ‘ತಗೊಳ್ಳಲಾ ಪುಟ್ಟಾ?’ ಎಂದು ಕೇಳಿ. ‘ಬೇಡ’ ಎಂದರೆ ಕಾಯಿರಿ. ತಾನಾಗಿಯೇ ಕೈ ಚಾಚಿ ಕೊಟ್ಟ ದಿನ, ಅದು ಆ ಮಗುವಿನ ಮೊದಲ ದಾನ.

ಭವತು ಸಬ್ಬ ಮಂಗಳಂ.