ಬಂದವರಿಗೆ ಸೀತನಿ, ದನಗಳಿಗೆ ಎಚ್ಚರ

ತಿಕೋಟಾ ಮತ್ತು ಬಬಲೇಶ್ವರ 2018ರಲ್ಲಿ ತಾಲೂಕು ಕೇಂದ್ರಗಳಾದವು. ಆದರೂ ಇವು ಇಂದಿಗೂ ಒಕ್ಕಲುತನದ ಊರುಗಳೇ. ಸುತ್ತ ನೋಡುವ ಸ್ಥಳಗಳಿಗೆ ಕೊರತೆಯಿಲ್ಲ: ವಿಜಯಪುರದ ಗೋಳಗುಮ್ಮಟ, ಆದಿಲಶಾಹಿ ಕಾಲದ ಮಮದಾಪುರ ಕೆರೆ, ಇನ್ನೂ ಮುಂದೆ ಆಲಮಟ್ಟಿಯ ಉದ್ಯಾನ. ಬಂದವರು ರಸ್ತೆಬದಿಯ ಜೋಳದ ಹೊಲ ನೋಡುತ್ತ ಬಿಸ್ಕೀಟು ತಿಂದು ಹೋಗುತ್ತಾರೆ. ಅವರಿಗೆ ಸೀತನಿ ಸುಟ್ಟುಕೊಟ್ಟರೆ ರೈತನಿಗೆ ನಾಲ್ಕು ಕಾಸು ಬರುತ್ತದೆ. ಕೆಲವರು ಈಗಾಗಲೇ ಇದಕ್ಕೆ ಮನಸ್ಸು ಮಾಡಿರುವುದರಿಂದ ಎರಡು ಮಾತು ಹೇಳಬೇಕಾಗಿದೆ.

ಮೊದಲನೆಯದು ಬಿತ್ತನೆಯ ಲೆಕ್ಕ. ನಮ್ಮಲ್ಲಿ ಜನ ಹೊಲಕ್ಕೆ ಬರುವುದು ಎಳ್ಳ ಅಮಾವಾಸ್ಯೆಯ ಚರಗದಿಂದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯವರೆಗೆ. ಮಾಲದಂಡಿ, ಅಂದರೆ ಎಂ. 35-1, ಕೊಯ್ಲಿಗೆ ಸುಮಾರು 115–120 ದಿನ ತೆಗೆದುಕೊಳ್ಳುತ್ತದೆ. ಸೀತನಿ ಹದಕ್ಕೆ 90–95 ದಿನ ಸಾಕು. ಸೆಪ್ಟೆಂಬರ್ 20ಕ್ಕೆ ಬಿತ್ತಿದ್ದು ಡಿಸೆಂಬರ್ ಕೊನೆಯ ವಾರಕ್ಕೆ, ಅಕ್ಟೋಬರ್ 10ಕ್ಕೆ ಬಿತ್ತಿದ್ದು ಸಂಕ್ರಾಂತಿಗೆ ಒದಗುತ್ತದೆ. ಹದ ನಿಲ್ಲುವುದು ಒಂದು ವಾರ ಮಾತ್ರ. ಉಗುರಿನಿಂದ ಒತ್ತಿದಾಗ ಹಾಲು ಚಿಮ್ಮಿದರೆ ಇನ್ನೂ ಎಳೆಯದು, ಗಟ್ಟಿ ಹಿಟ್ಟಿನಂತೆ ಬಂದರೆ ಸರಿ, ಉಗುರೇ ಇಳಿಯದಿದ್ದರೆ ಆಯಿತು, ಅದು ರೊಟ್ಟಿಗೆ. ಒಮ್ಮೆ ನಮ್ಮ ಮನೆಯ ಹೊಲದಲ್ಲಿಯೇ ಎಲ್ಲವನ್ನೂ ಒಂದೇ ದಿನ ಬಿತ್ತಿಸಿ, ಜಾತ್ರೆಗೆ ಬಂದ ನೆಂಟರಿಗೆ ಕಲ್ಲಿನಂಥ ಕಾಳು ತೋರಿಸಿದ್ದೇನೆ! ಆದ್ದರಿಂದ ಐದೈದು ಗುಂಟೆಯ ಮೂರು ತುಂಡುಗಳನ್ನು 8–10 ದಿನಗಳ ಅಂತರದಲ್ಲಿ ಬಿತ್ತುವುದು ಲೇಸು. ಕೊನೆಯ ತುಂಡು ಆಳವಾದ ಎರೆಯಲ್ಲಿರಲಿ, ಹಸಿ ಆರಿದ ಮಸಾರಿಯಲ್ಲಿ ತೆನೆ ತುಂಬಲಾರದು. ಸಿಪ್ಪೆ ಸುಲಭವಾಗಿ ಬಿಡುವ ಸಕ್ಕರಿ ಮುಕ್ಕರಿಯಂಥ ಸಿಹಿ ಜೋಳದ ಬೀಜ ಸಿಕ್ಕರೆ ಬಿಡಬೇಡಿರಿ. ತೆನೆ ಎಳೆಯದಿದ್ದಾಗಲೇ ಹೇನು ಬಂದು ಎಲೆಯೆಲ್ಲ ಜಿಗಿಯಾಗುವುದುಂಟು; ಈ ತುಂಡಿಗೆ ಮಾತ್ರ ಔಷಧಿ ಸಿಂಪಡಿಸತಕ್ಕದ್ದಲ್ಲ.

ಎರಡನೆಯ ಮಾತು ದೊಡ್ಡದು. ತೆನೆ ಮುರಿದ ಮೇಲೆ ದಂಟನ್ನು ಹಾಗೆಯೇ ನಿಲ್ಲಿಸಿದರೆ, ನೆಲದಲ್ಲಿ ಹಸಿಯಿದ್ದಾಗ ಬುಡದಿಂದ ಚಿಗುರು ಒಡೆಯುತ್ತದೆ. ಈ ಚಿಗುರಿನಲ್ಲಿ ಧುರಿನ್ ಎಂಬ ವಸ್ತು ಹೆಚ್ಚು. ದನದ ಹೊಟ್ಟೆ ಸೇರಿದೊಡನೆ ಅದರಿಂದ ಹೈಡ್ರೋಸಯನಿಕ್ ಆಮ್ಲ ಬಿಡುಗಡೆಯಾಗಿ, ರಕ್ತದಲ್ಲಿ ಪ್ರಾಣವಾಯು ಇದ್ದರೂ ಅಂಗಾಂಶಗಳು ಅದನ್ನು ಬಳಸಲಾರವು. ನೀರಿಲ್ಲದೆ ಕುಂಠಿತವಾದ ಬೆಳೆಯಲ್ಲಿಯೂ ಇದೇ ಅಪಾಯ. ಏದುಸಿರು, ಜೊಲ್ಲು, ತೂರಾಟ ಕಾಣಿಸಿದ ಮೇಲೆ ಕೆಲವೇ ನಿಮಿಷಗಳಲ್ಲಿ ಎತ್ತು ಬೀಳಬಹುದು. ಸೀತನಿಯಿಂದ ಬಂದ ಹಣ ಎಷ್ಟಾದರೂ ಒಂದು ಎತ್ತಿನ ಬೆಲೆಯಾಗುವುದಿಲ್ಲ.

ತೆನೆ ತೆಗೆದ ವಾರದಲ್ಲಿಯೇ ದಂಟನ್ನು ಬುಡಮಟ್ಟ ಕೊಯ್ದು, ಚೆನ್ನಾಗಿ ಒಣಗಿಸಿ ಕಣಿಕೆ ಮಾಡಿರಿ. ಒಣಗಿದಂತೆ ವಿಷ ಕಡಿಮೆಯಾಗುತ್ತದೆ. ಕೂಳೆಯನ್ನು ಕುಂಟೆ ಹೊಡೆದು ಕಿತ್ತುಬಿಡಿರಿ. ನೋಡಲು ಬಂದ ಮಕ್ಕಳು ಪ್ರೀತಿಯಿಂದ ಚಿಗುರು ಕಿತ್ತು ದನಕ್ಕೆ ತಿನಿಸುವುದುಂಟು, ಆದ್ದರಿಂದ ದನಗಳನ್ನು ಆ ತುಂಡಿನಿಂದ ದೂರ ಕಟ್ಟಿರಿ.

ತಿಕೋಟಾ ಕಡೆಯವರು ಒಣದ್ರಾಕ್ಷಿಯನ್ನೂ ಜೊತೆಗಿಡಬಹುದು. ಆದರೆ ಹೊಸ ಮಾಲು ಬೇಸಿಗೆಗೇ ಬರುವುದು. ಸೀತನಿಯ ಕಾಲಕ್ಕೆ ಹಿಂದಿನ ವರ್ಷದ್ದನ್ನು ತಂಪುಗೃಹದಿಂದ ತರಬೇಕಾಗುತ್ತದೆ.

ದನಕ್ಕೆ ವಿಷ ಹತ್ತಿದ ಸಂಶಯ ಬಂದರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯಿರಿ. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಬೇಗ ಸಿಕ್ಕರೆ ದನ ಉಳಿಯುವ ಸಂಭವವಿದೆ. ಅವರ ದೂರವಾಣಿ ಸಂಖ್ಯೆಯನ್ನು ಕೊಟ್ಟಿಗೆಯ ಕಂಬಕ್ಕೆ ಈಗಲೇ ಬರೆದಿಡಿರಿ.