ಹಂಡೆ ಹೋಗಿ ಬಂಬ ಬಂತು

ಅಕ್ಕಲಕೋಟ ಕಡೆಯ ಹಳ್ಳಿಗಳಲ್ಲಿ ಚಳಿಗಾಲ ಬಂದರೆ ಬೆಳಿಗ್ಗೆ ಮೊದಲ ಕೆಲಸ ಯಾವುದು? ಜಳಕದ ನೀರು ಕಾಸುವುದು. ಹಂಡೆ ತುಂಬಬೇಕು. ಒಲಿ ಹಚ್ಚಬೇಕು. ತೊಗರಿ ಕಟಗಿ, ಕುಳ್ಳು ಒಟ್ಟಬೇಕು. ಹೊಗೆಗೆ ಕಣ್ಣು ಉರಿಯುತ್ತವೆ. ಮನೆಯಲ್ಲಿ ಆರು ಮಂದಿ ಇದ್ದರೆ, ಕೊನೆಯವರ ಜಳಕ ಆಗುವವರೆಗೆ ಒಲಿ ಮುಂದಿನಿಂದ ಏಳುವ ಹಾಗಿಲ್ಲ.

ಹಂಡೆಯ ಒಲಿಯನ್ನು ಒಮ್ಮೆ ಸರಿಯಾಗಿ ನೋಡಿರಿ. ಉರಿ ಹಂಡೆಯ ತಳಕ್ಕೆ ತಾಗುತ್ತದೆ. ಉಳಿದದ್ದು ಸುತ್ತಲಿಂದ ಹೊರಗೆ ಹೋಗುತ್ತದೆ. ನೀವು ಹೊಲದಿಂದ ಹೊತ್ತು ತಂದ ಕಟಗಿ ನೀರಿಗಿಂತ ಹೆಚ್ಚು ಗಾಳಿಯನ್ನೇ ಕಾಸುತ್ತದೆ.

ಬಂಬದಲ್ಲಿ ಹಾಗಲ್ಲ. ಬಂಬ ಎಂದರೆ ತಾಮ್ರದ ಎತ್ತರದ ಪಾತ್ರೆ. ಕೆಲವರು ಬಾಯ್ಲರ್ ಅನ್ನುತ್ತಾರೆ. ಅದರ ನಡುವೆ ಒಂದು ಕೊಳವೆ ಇದೆ. ಬೆಂಕಿ ಕೊಳವೆಯ ಒಳಗೆ, ನೀರು ಕೊಳವೆಯ ಸುತ್ತ. ಉರಿಯ ಸುತ್ತಲೂ ನೀರೇ ಇರುತ್ತದೆ. ಅದಕ್ಕೇ ಸಣ್ಣ ಕಟಗಿ ಚೂರು ಸಾಕು. ಕೆಳಗೆ ಜಾಳಿಗೆ ಇದೆ. ಅಲ್ಲಿಂದ ಗಾಳಿ ಬರುತ್ತದೆ, ಬೂದಿ ಬೀಳುತ್ತದೆ. ನಳ ತಿರುಗಿಸಿದರೆ ಬಿಸಿನೀರು.

ಆದರೆ ಮೊದಲು ನೀರು, ಆಮೇಲೆ ಬೆಂಕಿ. ಖಾಲಿ ಬಂಬಕ್ಕೆ ಬೆಂಕಿ ಹಾಕಿದರೆ ಬೆಸುಗೆ ಬಿಡುತ್ತದೆ. ಬಂಬ ಸೋರುತ್ತದೆ.

ಹಂಡೆ ಮಾರಿ ಬಂಬ ಕೊಳ್ಳಬೇಕೆ? ತವರಿನಿಂದ ಬಂದ ಹಂಡೆ ಮಾರಲು ಯಾರಿಗೆ ಮನಸ್ಸು ಬಂದೀತು? ಇರಲಿ ಬಿಡಿರಿ, ನೀರು ತುಂಬಿಡಲು ಬೇಕಾಗುತ್ತದೆ.

ಈಗ ಮುಖ್ಯ ಮಾತು. ಬಂಬ ಎಲ್ಲಿ ಇಡುತ್ತೀರಿ? ಚಳಿ ಎಂದು ಬಾಗಿಲು ಹಾಕಿದ ಬಚ್ಚಲಮನೆಯಲ್ಲಿ ಇಡಬೇಡಿರಿ. ಅಂಗಳದಲ್ಲಿ ಇಡಿರಿ. ಗಾಳಿ ಸಾಲದ ಕಡೆ ಬೆಂಕಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಬಂದರೆ ಕೆಮ್ಮು ಬರುತ್ತದೆ, ನಾವು ಎದ್ದು ಹೊರಗೆ ಓಡುತ್ತೇವೆ. ಈ ಗಾಳಿ ಬಂದದ್ದು ಗೊತ್ತೇ ಆಗುವುದಿಲ್ಲ. ತಲೆ ನೋಯುತ್ತದೆ, ತಲೆ ತಿರುಗುತ್ತದೆ, ಓಕರಿಕೆ ಬರುತ್ತದೆ. ಆಮೇಲೆ ಎಚ್ಚರ ತಪ್ಪುತ್ತದೆ.

ಹೊಸ ಮನೆಗಳಲ್ಲಿ ಕೆಲವರು ಗ್ಯಾಸ್ ಗೀಜರ್ ಹಾಕಿಸುತ್ತಾರೆ. "ಕಟಗಿ ಇಲ್ಲ, ಹೊಗಿ ಇಲ್ಲ, ಇನ್ನ ಎಂಥಾ ಅಂಜಿಕಿ?" ಅನ್ನುತ್ತಾರೆ. ಅದರ ಒಳಗೆ ಉರಿಯುವುದೂ ಬೆಂಕಿಯೇ ಅಲ್ಲವೆ? ಸಣ್ಣ ಬಚ್ಚಲಮನೆ, ಮುಚ್ಚಿದ ಕಿಟಕಿ, ಒಳಗೆ ಗೀಜರ್. ಹೀಗೆ ಜಳಕಕ್ಕೆ ಹೋದವರು ಜೀವ ಕಳೆದುಕೊಂಡದ್ದು ಉಂಟು. ಗೀಜರನ್ನು ಬಚ್ಚಲಮನೆಯ ಹೊರಗಿನ ಗೋಡೆಗೆ ಹಾಕಿಸಿರಿ. ಪೈಪಿನಿಂದ ಬಿಸಿನೀರು ಮಾತ್ರ ಒಳಗೆ ಬರಲಿ.

ಒಳಗೆ ಹೋದವರು ಕರೆದರೂ ಓ ಅನ್ನದಿದ್ದರೆ ಕಾಯುತ್ತ ನಿಲ್ಲಬೇಡಿರಿ. ಬಾಗಿಲು ಒಡೆಯಿರಿ. ಅವರನ್ನು ಹೊರಗಿನ ಗಾಳಿಗೆ ತನ್ನಿರಿ. ಗ್ಯಾಸ್ ಬಂದ್ ಮಾಡಿರಿ. 108ಕ್ಕೆ ಫೋನ್ ಮಾಡಿರಿ. ಆಂಬುಲೆನ್ಸ್ ಬರುತ್ತದೆ.

ಬೆಂಕಿಯೇ ಬೇಡ ಅನ್ನುವವರಿಗೆ ಸೋಲಾರ್ ಇದೆ. ಸೊಲ್ಲಾಪುರ ಜಿಲ್ಲೆಯಲ್ಲಿ ಬಿಸಿಲಿಗೆ ಬರ ಇಲ್ಲ. ಮೂರು ನಾಲ್ಕು ಮಂದಿಗೆ 100 ಲೀಟರಿನದು ಸಾಕು. ಮೊದಲಿನ ಖರ್ಚು ಹೆಚ್ಚು. ಬೋರಿನ ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ. ಕೊಳ್ಳುವ ಮೊದಲು ಅಂಗಡಿಯವರಿಗೆ ನಿಮ್ಮ ನೀರು ಎಂಥದು ಎಂದು ಹೇಳಿ ಕೇಳಿರಿ.

ಓದಿರಿ, ಬರೆಯಿರಿ

ಈ ಪಾಠದಲ್ಲಿ 'ಬ' ಅಕ್ಷರದಿಂದ ಶುರುವಾಗುವ ಐದು ಪದ ಹುಡುಕಿ ಬರೆಯಿರಿ.

ನಿಮ್ಮ ಬಚ್ಚಲಮನೆಗೆ ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ? ಮನೆಗೆ ಹೋಗಿ ನೋಡಿ, ಎರಡು ಸಾಲು ಬರೆದು ತನ್ನಿರಿ.